ಎರಡೇ ನಿಮಿಷಕ್ಕೆ ಕಣ್ಣು ಮುಚ್ಚುವ ಕಂಪ್ಯೂಟರ್

2024ರ ನವೆಂಬರ್ 18ರಂದು ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತು. ಮಾಲಿನ್ಯ ತಡೆಯ ನಾಲ್ಕನೇ ಹಂತದ ನಿರ್ಬಂಧಗಳು ಜಾರಿಗೆ ಬಂದವು, ಶಾಲೆಗಳ ಪಾಠ ಆನ್‌ಲೈನಿಗೆ ಸರಿಯಿತು. ಎರಡು ದಿನ ಕಳೆದ ಮೇಲೆ ದೆಹಲಿ ಸರ್ಕಾರ ತನ್ನ ಅರ್ಧದಷ್ಟು ಸಿಬ್ಬಂದಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿತು. ದ್ವಾರಕಾ, ಮಯೂರ್ ವಿಹಾರ್, ನೋಯ್ಡಾ, ಗುರುಗ್ರಾಮದ ಮನೆಗಳಲ್ಲಿ ಊಟದ ಮೇಜಿನ ಒಂದು ತುದಿ ಕಚೇರಿಯಾಯಿತು, ಇನ್ನೊಂದು ತುದಿ ತರಗತಿಯಾಯಿತು. ಇಂಥ ದಿನಗಳು ಬಂದಾಗಲೆಲ್ಲ ಇಲ್ಲಿನ ಕನ್ನಡಿಗ ಸ್ನೇಹಿತರು ಕೇಳುವ ಪ್ರಶ್ನೆಗಳಲ್ಲಿ ಇದೊಂದು ತಪ್ಪದೆ ಇರುತ್ತದೆ: “ಎರಡು ನಿಮಿಷ ಕೈ ಬಿಟ್ಟರೆ ಸಾಕು, ಕಂಪ್ಯೂಟರ್ ಮಲಗಿಬಿಡುತ್ತೆ ಸಾರ್. ಏನಾದರೂ ಕೆಟ್ಟಿದೆಯಾ?”

ಬಹುತೇಕ ಏನೂ ಕೆಟ್ಟಿರುವುದಿಲ್ಲ. ಆದರೂ ಜನ ಕಂಪ್ಯೂಟರನ್ನು ಎತ್ತಿಕೊಂಡು ನೆಹರೂ ಪ್ಲೇಸಿನ ಕಂಪ್ಯೂಟರ್ ಮಾರುಕಟ್ಟೆಗೋ ಬಡಾವಣೆಯ ರಿಪೇರಿ ಅಂಗಡಿಗೋ ಹೋಗುತ್ತಾರೆ. ಅಲ್ಲಿ “ವಿಂಡೋಸ್ ಹೊಸದಾಗಿ ಹಾಕಬೇಕು” ಎಂಬ ಉತ್ತರ ಸಿಕ್ಕರೆ ಫೋಟೊ, ಕಡತ, ಪಾಸ್‌ವರ್ಡ್ ಎಲ್ಲವನ್ನೂ ಬೇರೆಯವರ ಕೈಗೆ ಕೊಟ್ಟು ಬರುತ್ತಾರೆ. ಹೊಸದಾಗಿ ಹಾಕಿದ ವಿಂಡೋಸ್ ಕೂಡ ಅಷ್ಟೇ ಬೇಗ ಮಲಗುತ್ತದೆ, ಏಕೆಂದರೆ ಅದು ಕಾರ್ಖಾನೆಯಿಂದ ಬರುವಾಗಲೇ ಹಾಗೆ ಹೊಂದಿಸಿದ ಸಮಯ. ಕಂಪ್ಯೂಟರ್ ತಾನಾಗಿ ಮಲಗುವುದಿಲ್ಲ, ಮಲಗು ಎಂದು ಯಾರೋ ಅದಕ್ಕೆ ಹೇಳಿರುತ್ತಾರೆ. ಹೇಳಿದವರು ಯಾರು ಎಂದು ಕಂಡುಕೊಂಡರೆ ಮುಕ್ಕಾಲು ಪಾಲು ರಿಪೇರಿ ಮುಗಿದಂತೆ. ಆ ಹುಡುಕಾಟವನ್ನು ಮನೆಯಲ್ಲಿ ಕುಳಿತು, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದು.

ಓದುವವರು ಅದಕ್ಕೆ ಕಾಣುವುದಿಲ್ಲ

ಕಂಪ್ಯೂಟರ್ ಯಾಕೆ ಮಲಗಬೇಕು? 1990ರ ದಶಕದ ಆರಂಭದವರೆಗೆ ಕಚೇರಿಗಳ ಕಂಪ್ಯೂಟರುಗಳು ಸಾಮಾನ್ಯವಾಗಿ ಇಡೀ ದಿನ, ಕೆಲವು ಕಡೆ ಇಡೀ ರಾತ್ರಿ ಉರಿಯುತ್ತಿದ್ದವು. 1992ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ‘ಎನರ್ಜಿ ಸ್ಟಾರ್’ ಎಂಬ ಗುರುತನ್ನು ತಂದಾಗ ಅದನ್ನು ಮೊದಲು ಪಡೆದ ಉಪಕರಣಗಳೇ ಕಂಪ್ಯೂಟರ್ ಮತ್ತು ಮಾನಿಟರ್. ಅದೇ ವರ್ಷ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ವಿದ್ಯುತ್ ಉಳಿಸುವ ‘ಎಪಿಎಂ’ ವ್ಯವಸ್ಥೆಯನ್ನು ತಂದವು. ಅದರಲ್ಲಿ ಯಾವಾಗ ಮಲಗಬೇಕೆಂಬ ತೀರ್ಮಾನ ಹೆಚ್ಚಾಗಿ ಮದರ್‌ಬೋರ್ಡಿನ ‘ಬಯೋಸ್’ ಕೈಯಲ್ಲಿತ್ತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ‘ಎಸಿಪಿಐ’ ಎಂಬ ಹೊಸ ಪದ್ಧತಿಯನ್ನು ಪ್ರಕಟಿಸಿದವು. ಅಂದಿನಿಂದ ಆ ತೀರ್ಮಾನ ಬಯೋಸ್ ಕೈಯಿಂದ ವಿಂಡೋಸ್‌ನಂಥ ಕಾರ್ಯಾಚರಣೆ ವ್ಯವಸ್ಥೆಯ ಕೈಗೆ ಬಂತು. ಇಂದು ಈ ತೊಂದರೆಯ ಪರಿಹಾರ ಸೆಟ್ಟಿಂಗ್ಸ್‌ನಲ್ಲೇ ಸಿಗುವುದು ಇದೇ ಕಾರಣಕ್ಕೆ. ಸ್ಕ್ರೂಡ್ರೈವರ್ ಹಿಡಿಯುವ ಅಗತ್ಯ ಅಪರೂಪ.

ನೀವು ಕೆಲಸ ಮಾಡುತ್ತಿದ್ದೀರೋ ಇಲ್ಲವೋ ಎಂದು ಕಂಪ್ಯೂಟರ್ ಎರಡು ರೀತಿಯಲ್ಲಿ ತಿಳಿದುಕೊಳ್ಳುತ್ತದೆ. ಒಂದು, ಕೀಬೋರ್ಡ್, ಮೌಸ್ ಅಥವಾ ಟಚ್‌ಪ್ಯಾಡಿನ ಮೇಲೆ ಬೆರಳು ಆಡುತ್ತಿದೆಯೇ ಎಂಬುದು. ಇನ್ನೊಂದು, ಯಾವುದಾದರೂ ತಂತ್ರಾಂಶ “ಈಗ ಮಲಗಬೇಡ” ಎಂದು ಕೇಳಿಕೊಂಡಿದೆಯೇ ಎಂಬುದು. ವಿಡಿಯೊ ಮೀಟಿಂಗಿನ ತಂತ್ರಾಂಶಗಳು, ಸಿನಿಮಾ ತೋರಿಸುವ ಪ್ಲೇಯರುಗಳು ಸಾಮಾನ್ಯವಾಗಿ ಹೀಗೆ ಕೇಳಿಕೊಳ್ಳುತ್ತವೆ. ಹಾಗಾಗಿಯೇ ಒಂದು ಗಂಟೆಯ ಮೀಟಿಂಗಿನಲ್ಲಿ ನೀವು ಕೈಕಟ್ಟಿ ಕುಳಿತರೂ ತೆರೆ ಬೆಳಗುತ್ತಲೇ ಇರುತ್ತದೆ. ಪಿಡಿಎಫ್ ಓದಿಸುವ ತಂತ್ರಾಂಶ, ದೊಡ್ಡ ಕಡತವನ್ನು ನಕಲು ಮಾಡುವ ವಿಂಡೋಸ್ ಕಿಟಕಿ, ಕೆಲವು ಬ್ರೌಸರ್ ಡೌನ್‌ಲೋಡುಗಳು ಯಾವಾಗಲೂ ಹಾಗೆ ಕೇಳುವುದಿಲ್ಲ. ನೋಯ್ಡಾದ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಬಳಿಯ ಸೆನ್ಸರ್ ದೀಪ ನೀವು ಅಲುಗದೆ ನಿಂತರೆ ಆರಿಹೋಗುತ್ತದಲ್ಲ, ಕಂಪ್ಯೂಟರಿನ ಲೆಕ್ಕವೂ ಅದೇ.

ಹಳೆ ರಾಜೇಂದ್ರ ನಗರದಲ್ಲೋ ಮುಖರ್ಜಿ ನಗರದಲ್ಲೋ ರೂಮು ಮಾಡಿಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿರುವ ಕರ್ನಾಟಕದ ಹುಡುಗ, ಹುಡುಗಿಯರನ್ನು ನೋಡಿ. ತೆರೆಯ ಮೇಲೆ ನೋಟ್ಸಿನ ಒಂದು ಪುಟ, ಕೈಯಲ್ಲಿ ಪೆನ್ನು, ಪಕ್ಕದಲ್ಲಿ ನೋಟ್‌ಬುಕ್. ಐದು ನಿಮಿಷ ಅದೇ ಪುಟದ ಮೇಲೆ ಕಣ್ಣಿಟ್ಟು ಬರೆಯುತ್ತಾರೆ, ಮೌಸ್ ಮುಟ್ಟುವುದೇ ಇಲ್ಲ. ಮೂಲ ಪಠ್ಯವನ್ನು ಮುಂದಿಟ್ಟುಕೊಂಡು ಕೈಬರಹದಲ್ಲಿ ಕನ್ನಡಕ್ಕೆ ತರುವ ಅನುವಾದಕರದೂ ಅದೇ ರೀತಿ. ಅವರ ಲೆಕ್ಕದಲ್ಲಿ ಅದು ದಿನದ ಅತ್ಯಂತ ಗಟ್ಟಿ ಕೆಲಸ, ಕಂಪ್ಯೂಟರಿನ ಲೆಕ್ಕದಲ್ಲಿ ಯಾರೂ ಇಲ್ಲದ ಕೋಣೆ. ಓದುವವರಿಗೂ ಬರೆಯುವವರಿಗೂ ಈ ತೊಂದರೆ ಹೆಚ್ಚು ಕಾಡುವುದು ಹೀಗೆ.

ತೆರೆ ಆರಿತೋ, ಬೀಗ ಬಿತ್ತೋ, ಮಲಗಿತೋ?

“ಮಲಗಿತು” ಎಂದು ನಾವು ಹೇಳುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿರುತ್ತವೆ. ಒಂದಕ್ಕೆ ಮಾಡುವ ಪರಿಹಾರ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲನೆಯದು ತೆರೆ ಮಾತ್ರ ಆರುವುದು. ಒಳಗೆ ಎಲ್ಲವೂ ನಡೆಯುತ್ತಿರುತ್ತದೆ. ಒಂದು ಕೀಲಿ ಒತ್ತಿದರೆ ನಿಮ್ಮ ಪುಟ ಇದ್ದ ಹಾಗೇ ತಕ್ಷಣ ಬರುತ್ತದೆ. ಎರಡನೆಯದು ಲಾಕ್ ಆಗುವುದು. ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತದೆ, ಆದರೆ ಪಾಸ್‌ವರ್ಡ್ ಇಲ್ಲವೇ ಪಿನ್ ಕೇಳುತ್ತದೆ. ಮೂರನೆಯದು ನಿಜವಾದ ಸ್ಲೀಪ್. ಡೌನ್‌ಲೋಡ್ ನಿಂತಿರುತ್ತದೆ, ಎಬ್ಬಿಸಿದ ಮೇಲೆ ವೈಫೈ ಮತ್ತೆ ಜೋಡಿಸಿಕೊಳ್ಳಬೇಕಾಗುತ್ತದೆ, ಹಲವು ಲ್ಯಾಪ್‌ಟಾಪುಗಳಲ್ಲಿ ಪವರ್ ದೀಪ ಮಿಣುಕುತ್ತಿರುತ್ತದೆ.

ಗೊತ್ತುಮಾಡಿಕೊಳ್ಳಲು ಸುಲಭದ ದಾರಿ ಇದೆ. ಪೆನ್‌ಡ್ರೈವಿಗೆ ಹತ್ತು ನಿಮಿಷ ಹಿಡಿಯುವಷ್ಟು ದೊಡ್ಡ ಕಡತವನ್ನು ನಕಲು ಮಾಡಲು ಬಿಡಿ, ಕೈ ಮುಟ್ಟದೆ ಕಾಯಿರಿ. ತೆರೆ ಆರಿದ ಮೇಲೂ ಐದು ನಿಮಿಷ ಬಿಟ್ಟು ಎಬ್ಬಿಸಿ. ನಕಲು ಮುಂದುವರಿದಿದ್ದರೆ ತೆರೆಯಷ್ಟೇ ಆರಿತ್ತು ಅಥವಾ ಲಾಕ್ ಆಗಿತ್ತು. ಆರಿದ ಹೊತ್ತಿಗೆ ಎಲ್ಲಿತ್ತೋ ಅಲ್ಲೇ ನಿಂತಿದ್ದರೆ ಸ್ಲೀಪ್. ಎಬ್ಬಿಸಿದಾಗ ಕಂಪನಿಯ ಲಾಂಛನ ಕಾಣಿಸಿ ಮೊದಲಿನಿಂದ ಶುರುವಾದರೆ ಅದು ಸ್ಲೀಪ್ ಅಲ್ಲ, ಹೈಬರ್ನೇಟ್ (ತೆರೆದಿದ್ದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಆಫ್ ಆಗುವುದು) ಅಥವಾ ಪೂರ್ತಿ ಆಫ್. ಆಗ ಅನುಮಾನ ಪಡಬೇಕಾದದ್ದು ಬ್ಯಾಟರಿಯ ಮೇಲೆ, ಬಿಸಿಯ ಮೇಲೆ.

ಲಾಕ್ ಆಗುತ್ತಿದ್ದರೆ ನೋಡಬೇಕಾದ ಜಾಗ ಎರಡು. ಹುಡುಕುವ ಪಟ್ಟಿಯಲ್ಲಿ ‘ಸ್ಕ್ರೀನ್ ಸೇವರ್’ ಎಂದು ಬರೆದು ಬರುವ ಪುಟದಲ್ಲಿ ಎಷ್ಟು ನಿಮಿಷ ಇದೆ, ‘ಆನ್ ರೆಸ್ಯೂಮ್ ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್’ ಎಂಬಲ್ಲಿ ಗುರುತು ಬಿದ್ದಿದೆಯೇ ನೋಡಿ. ಆಮೇಲೆ ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ ಒಳಗಿನ ‘ಸೈನ್ ಇನ್ ಆಪ್ಷನ್ಸ್’ ತೆರೆದು ‘ಡೈನಮಿಕ್ ಲಾಕ್’ ಆನ್ ಆಗಿದೆಯೇ ನೋಡಿ. ಅದು ಬ್ಲೂಟೂತ್ ಮೂಲಕ ನಿಮ್ಮ ಮೊಬೈಲನ್ನು ಗಮನಿಸುತ್ತಿರುತ್ತದೆ. ನೀವು ಕುಳಿತೇ ಇದ್ದು ಮಗ ಮೊಬೈಲ್ ಎತ್ತಿಕೊಂಡು ಬಾಲ್ಕನಿಗೆ ಹೋದರೂ ನೀವೇ ಎದ್ದುಹೋದಿರೆಂದು ತಿಳಿದು ಬೀಗ ಹಾಕುತ್ತದೆ.

ಚಾರ್ಜರ್‌ಗೊಂದು ಗಡಿಯಾರ, ಬ್ಯಾಟರಿಗೊಂದು ಗಡಿಯಾರ

ನಿಜವಾದ ಸ್ಲೀಪ್ ಎಂದು ಖಚಿತವಾದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ‘ಸಿಸ್ಟಮ್’, ಅದರೊಳಗೆ ‘ಪವರ್ ಅಂಡ್ ಬ್ಯಾಟರಿ’, ಅಲ್ಲಿ ‘ಸ್ಕ್ರೀನ್, ಸ್ಲೀಪ್ ಅಂಡ್ ಹೈಬರ್ನೇಟ್ ಟೈಮ್‌ಔಟ್ಸ್’. ಡೆಸ್ಕ್‌ಟಾಪ್ ಆದರೆ ಬರೀ ‘ಪವರ್’ ಎಂದಿರುತ್ತದೆ. ವಿಂಡೋಸ್ 10ರಲ್ಲಿ ಇದೇ ಜಾಗದ ಹೆಸರು ‘ಪವರ್ ಅಂಡ್ ಸ್ಲೀಪ್’.

ಇಲ್ಲಿ ಸಮಯಗಳು ಎರಡು ಗುಂಪಾಗಿ ಕಾಣುತ್ತವೆ, ‘ಪ್ಲಗ್ಡ್ ಇನ್’ ಮತ್ತು ‘ಆನ್ ಬ್ಯಾಟರಿ’. ಹೆಚ್ಚಿನವರು ಮೊದಲನೆಯದನ್ನಷ್ಟೇ ಬದಲಿಸಿ “ಎಲ್ಲ ಸರಿ ಮಾಡಿದೆ, ಆದರೂ ಮಲಗುತ್ತದೆ” ಎನ್ನುತ್ತಾರೆ. ಎರಡನೇ ಗಡಿಯಾರ ಹಳೆಯ ಮೂರೋ ಐದೋ ನಿಮಿಷದಲ್ಲೇ ಉಳಿದಿರುತ್ತದೆ. 2022ರಲ್ಲಿ ಬಂದ ವಿಂಡೋಸ್ 11ರ ದೊಡ್ಡ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಇಂಗಾಲ ಹೊರಸೂಸುವಿಕೆ ತಗ್ಗಿಸುವ ಉದ್ದೇಶದಿಂದ ಈ ಮೊದಲೇ ಹೊಂದಿಸಿದ ಸಮಯಗಳನ್ನು ಕಡಿಮೆ ಮಾಡಿತು. ಅಲ್ಲಿಂದೀಚೆಗೆ ಕೊಂಡ ಲ್ಯಾಪ್‌ಟಾಪುಗಳು ಹಳೆಯವಕ್ಕಿಂತ ಬೇಗ ಮಲಗುವುದು ಇದರಿಂದ. ಅದೇ ಪುಟದಲ್ಲಿ ‘ಎನರ್ಜಿ ರೆಕಮೆಂಡೇಶನ್ಸ್’ ಎಂಬ ಜಾಗವೂ ಇದೆ. ಅಲ್ಲಿ ‘ಅಪ್ಲೈ ಆಲ್’ ಒತ್ತಿದರೆ ಎಲ್ಲ ಸಮಯಗಳೂ ಒಟ್ಟಿಗೆ ಕುಗ್ಗುತ್ತವೆ. ಒಳ್ಳೆಯದೆಂದು ಒತ್ತಿ ಮರೆತವರು ಅನೇಕ.

ದೆಹಲಿಯ ಸುತ್ತಮುತ್ತ ಈ ಬ್ಯಾಟರಿ ಗಡಿಯಾರದ ಮಹತ್ವ ಹೆಚ್ಚು. ನೋಯ್ಡಾ, ಗ್ರೇಟರ್ ನೋಯ್ಡಾ, ಗುರುಗ್ರಾಮದ ಸೊಸೈಟಿಗಳಲ್ಲಿ ಕರೆಂಟು ಹೋಗಿ ಜನರೇಟರ್ ಶುರುವಾಗುವುದರೊಳಗೆ ಕೆಲವು ಸೆಕೆಂಡ್ ಕತ್ತಲೆ. ಆ ಕ್ಷಣದಲ್ಲಿ ಲ್ಯಾಪ್‌ಟಾಪ್ ಚಾರ್ಜರಿನಿಂದ ಬ್ಯಾಟರಿಗೆ ಹಾರುತ್ತದೆ, ಲೆಕ್ಕವೂ ಬ್ಯಾಟರಿಯ ಗಡಿಯಾರಕ್ಕೆ ಹೋಗುತ್ತದೆ. ನೀವು ನಾಲ್ಕು ನಿಮಿಷದಿಂದ ಕೀಲಿ ಮುಟ್ಟದೆ ಓದುತ್ತಿದ್ದು ಬ್ಯಾಟರಿಯ ಮಿತಿ ಮೂರು ನಿಮಿಷವಾಗಿದ್ದರೆ ಲ್ಯಾಪ್‌ಟಾಪ್ ಕರೆಂಟಿನ ಜೊತೆಯಲ್ಲೇ ಕಣ್ಣು ಮುಚ್ಚಬಹುದು. ಬ್ಯಾಟರಿ ಸತ್ತುಹೋಯಿತೆಂದು ತಿಳಿದು ಹೊಸದನ್ನು ಹಾಕಿಸುವ ಮೊದಲು ಎರಡೂ ಸಮಯಗಳನ್ನು ನೋಡಿ.

ಚಾರ್ಜರ್ ಚುಚ್ಚಿದ್ದರೂ ಲ್ಯಾಪ್‌ಟಾಪ್ ತಾನು ಬ್ಯಾಟರಿಯಲ್ಲಿದ್ದೇನೆಂದು ತಿಳಿಯುವ ಸಂದರ್ಭಗಳಿವೆ. ಚಾರ್ಜರ್ ಪಿನ್ ಸಡಿಲವಾಗಿ ಸಂಪರ್ಕ ಬಂದು ಹೋಗುತ್ತಿರಬಹುದು. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ 20 ವ್ಯಾಟಿನ ಮೊಬೈಲ್ ಚಾರ್ಜರ್ ಹಾಕಿರಬಹುದು, ಯುಎಸ್‌ಬಿ-ಸಿ ಪಿನ್ ಎರಡಕ್ಕೂ ಹೊಂದುವುದರಿಂದ ಈ ಅದಲುಬದಲು ಈಗ ಸಾಮಾನ್ಯ. ತೆರೆಯ ಮೂಲೆಯಲ್ಲಿ ವೇಳೆ ತೋರಿಸುವ ಜಾಗದ ಪಕ್ಕದ ಬ್ಯಾಟರಿ ಚಿತ್ರದಲ್ಲಿ ಪ್ಲಗ್ಗಿನ ಅಥವಾ ಮಿಂಚಿನ ಗುರುತು ಸ್ಥಿರವಾಗಿ ಇದೆಯೇ ಎಂದು ಒಂದೆರಡು ನಿಮಿಷ ನೋಡಿದರೆ ತಿಳಿಯುತ್ತದೆ.

ಡೆಸ್ಕ್‌ಟಾಪಿಗೂ ಈ ಗಡಿಯಾರ ಅಂಟಿಕೊಳ್ಳಬಹುದು. ಯುಪಿಎಸ್‌ನಿಂದ ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿದ್ದರೆ ವಿಂಡೋಸ್ ಆ ಯುಪಿಎಸ್ಸನ್ನೇ ಬ್ಯಾಟರಿ ಎಂದು ತಿಳಿಯುತ್ತದೆ. ಕರೆಂಟು ಮಿನುಗಿದಾಗಲೆಲ್ಲ ‘ಆನ್ ಬ್ಯಾಟರಿ’ ಸಮಯ ಜಾರಿಗೆ ಬರುತ್ತದೆ. ಡೆಸ್ಕ್‌ಟಾಪಿನಲ್ಲಿ ಬ್ಯಾಟರಿ ಚಿತ್ರ ಕಂಡರೆ ಇದೇ ಕಾರಣ. ತಂತಿ ತೆಗೆಯಬೇಡಿ, ದೀರ್ಘ ಕಡಿತದಲ್ಲಿ ಕಂಪ್ಯೂಟರನ್ನು ಕ್ರಮವಾಗಿ ಆಫ್ ಮಾಡಿಸಲು ಅದು ಬೇಕು. ಸಮಯವನ್ನು ಮಾತ್ರ ಹೆಚ್ಚಿಸಿ.

ಅಡಗಿರುವ ಎರಡು ನಿಮಿಷ

ಎರಡೂ ಗಡಿಯಾರ ಸರಿಪಡಿಸಿದ ಮೇಲೂ ಕರಾರುವಾಕ್ಕಾಗಿ ಎರಡು ನಿಮಿಷಕ್ಕೆ ಮಲಗುತ್ತಿದ್ದರೆ ಕಾರಣ ಬಹುಶಃ ಮೂರನೆಯ ಗಡಿಯಾರ. ವಿಂಡೋಸ್‌ನಲ್ಲಿ ‘ಸಿಸ್ಟಮ್ ಅನ್‌ಅಟೆಂಡೆಡ್ ಸ್ಲೀಪ್ ಟೈಮ್‌ಔಟ್’ ಎಂಬ ಸಮಯವಿದೆ. ಮನುಷ್ಯರು ಎಬ್ಬಿಸದೆ, ನಿಗದಿತ ಕೆಲಸವೋ ನೆಟ್‌ವರ್ಕ್ ಸಂದೇಶವೋ ಕಂಪ್ಯೂಟರನ್ನು ಎಬ್ಬಿಸಿದಾಗ ಕೆಲಸ ಮುಗಿಸಿ ಬೇಗ ಮಲಗಲಿ ಎಂದು ಇಟ್ಟ ಮಿತಿ ಅದು. ಮೊದಲೇ ಹೊಂದಿಸಿರುವ ಸಮಯ ಎರಡು ನಿಮಿಷ, ಮತ್ತು ಸಾಮಾನ್ಯ ಪುಟಗಳಲ್ಲಿ ಅದು ಕಾಣುವುದೇ ಇಲ್ಲ. ಕಚೇರಿಯಿಂದ ಮನೆಯ ಡೆಸ್ಕ್‌ಟಾಪನ್ನು ದೂರದಿಂದ ಎಬ್ಬಿಸಿ ಕಡತ ತೆಗೆಯುವವರಿಗೆ ಇದರ ಕಾಟ ಹೆಚ್ಚು, ಏಕೆಂದರೆ ಕೀಬೋರ್ಡಿನ ಮುಂದೆ ಯಾರೂ ಇಲ್ಲವೆಂದೇ ಕಂಪ್ಯೂಟರ್ ತಿಳಿದಿರುತ್ತದೆ.

ಇದನ್ನು ಹೊರಗೆ ತರಲು ‘ಟರ್ಮಿನಲ್’ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ’ ಕಮಾಂಡಿನ ‘ಆಟ್ರಿಬ್ಯೂಟ್ಸ್’ ರೂಪವನ್ನು ಬಳಸಬೇಕು. ಅದರಲ್ಲಿ 7, ಬಿ, ಸಿ, 4 ಎಂದು ಶುರುವಾಗುವ ಉದ್ದನೆಯ ಗುರುತುಸಂಖ್ಯೆ ಇದೆ. ಅದನ್ನು ಕೈಯಲ್ಲಿ ಟೈಪ್ ಮಾಡುವ ಸಾಹಸ ಬೇಡ, ಮೈಕ್ರೋಸಾಫ್ಟಿನದೇ ಸಹಾಯ ಪುಟದಿಂದ ನಕಲು ಮಾಡಿ. ಆಮೇಲೆ ಕಂಟ್ರೋಲ್ ಪ್ಯಾನೆಲ್ಲಿನ ‘ಪವರ್ ಆಪ್ಷನ್ಸ್’, ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’, ‘ಅಡ್ವಾನ್ಸ್ಡ್’ ಎಂದು ಹೋದರೆ ‘ಸ್ಲೀಪ್’ ಗುಂಪಿನಡಿ ಆ ಸಾಲು ಕಾಣಿಸಿಕೊಳ್ಳುತ್ತದೆ. 20 ಅಥವಾ 30 ನಿಮಿಷ ಮಾಡಿ. ಕಮಾಂಡ್ ಬರೆದು ರೂಢಿಯಿಲ್ಲದವರು ಇದನ್ನು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಲಿ.

ಕಂಪ್ಯೂಟರನ್ನೇ ಕೇಳಿ

ಊಹೆ ಮಾಡುವುದಕ್ಕಿಂತ ಕಂಪ್ಯೂಟರಿನ ದಿನಚರಿ ಓದುವುದು ಲೇಸು. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇವೆಂಟ್ ವ್ಯೂವರ್’ ತೆರೆಯಿರಿ. ‘ವಿಂಡೋಸ್ ಲಾಗ್ಸ್’ ಅಡಿಯ ‘ಸಿಸ್ಟಮ್’ ಪಟ್ಟಿಯಲ್ಲಿ ‘ಕರ್ನಲ್ ಪವರ್’ ಎಂಬ ಮೂಲದ, 42 ಸಂಖ್ಯೆಯ ದಾಖಲೆಗಳನ್ನು ಹುಡುಕಿ. ಒಂದೊಂದು ದಾಖಲೆಯಲ್ಲೂ ಮಲಗಿದ ಹೊತ್ತು, ಅದರ ಕೆಳಗೆ ‘ಸ್ಲೀಪ್ ರೀಸನ್’ ಎಂದು ಮಲಗಿದ ಕಾರಣ ಬರೆದಿರುತ್ತದೆ. ‘ಸಿಸ್ಟಮ್ ಐಡಲ್’ ಎಂದಿದ್ದರೆ ಗಡಿಯಾರದ ಕೆಲಸ. ‘ಬಟನ್ ಆರ್ ಲಿಡ್’ ಎಂದಿದ್ದರೆ ಗುಂಡಿ ಒತ್ತಿದೆ ಅಥವಾ ಮುಚ್ಚಳ ಮುಚ್ಚಿದೆ ಎಂದು ಕಂಪ್ಯೂಟರ್ ತಿಳಿದಿದೆ. ‘ಬ್ಯಾಟರಿ’ ಎಂದಿದ್ದರೆ ಬ್ಯಾಟರಿ ಕೊನೆಯ ಹಂತಕ್ಕೆ ಇಳಿದಿದೆ ಎಂದರ್ಥ. ಹೊಸ ಬಗೆಯ, ಮೊಬೈಲಿನಂತೆ ಅರೆನಿದ್ದೆಯಲ್ಲಿರುವ ಲ್ಯಾಪ್‌ಟಾಪುಗಳಲ್ಲಿ 42ರ ಬದಲು 506 ಎಂಬ ಸಂಖ್ಯೆ ನೋಡಬೇಕು, ಅಲ್ಲೂ ಕಾರಣ ಬರೆದಿರುತ್ತದೆ.

ಈ ಒಂದು ಸಾಲು ರಿಪೇರಿ ಅಂಗಡಿಯಲ್ಲಿಯೂ ನಿಮ್ಮ ಕೈ ಬಲಪಡಿಸುತ್ತದೆ. “ಬೇಗ ಮಲಗುತ್ತೆ” ಎಂದು ಒಪ್ಪಿಸುವುದಕ್ಕೂ “ಮುಚ್ಚಳ ತೆರೆದಿದ್ದರೂ ಲಾಗ್‌ನಲ್ಲಿ ಲಿಡ್ ಎಂದು ಬರುತ್ತಿದೆ, ಅದನ್ನು ನೋಡಿ” ಎಂದು ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಕೇಳಿದ ಮೇಲೆ ವಿಂಡೋಸ್ ಮತ್ತೆ ಹಾಕೋಣ ಎನ್ನಲು ಯಾರಿಗೂ ಕಾರಣ ಉಳಿಯುವುದಿಲ್ಲ.

ಕೈಗಡಿಯಾರದ ಅಯಸ್ಕಾಂತ, ರಜಾಯಿಯ ಬಿಸಿ

ಮುಚ್ಚಳ ತೆರೆದಿದ್ದರೂ ‘ಲಿಡ್’ ಎಂದು ಯಾಕೆ ಬರುತ್ತದೆ? ಹೆಚ್ಚಿನ ಲ್ಯಾಪ್‌ಟಾಪುಗಳ ತೆರೆಯ ಅಂಚಿನಲ್ಲಿ ಸಣ್ಣ ಅಯಸ್ಕಾಂತ ಇರುತ್ತದೆ. ಕೀಬೋರ್ಡಿನ ಭಾಗದೊಳಗೆ, ಅಂಗೈ ಊರುವ ಜಾಗದ ಆಸುಪಾಸಿನಲ್ಲಿ, ಅದನ್ನು ಗ್ರಹಿಸುವ ‘ಹಾಲ್ ಸೆನ್ಸರ್’ ಇರುತ್ತದೆ. ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಳ ಮುಚ್ಚಿತು ಎಂದು ಅದರ ತೀರ್ಮಾನ. ಸ್ಮಾರ್ಟ್‌ವಾಚಿನ ಅಯಸ್ಕಾಂತದ ಪಟ್ಟಿ, ಮೊಬೈಲ್ ಕವರಿನ ಅಯಸ್ಕಾಂತದ ಗುಂಡಿ, ಕಿವಿಯ ಇಯರ್‌ಬಡ್ಸ್ ಇಡುವ ಡಬ್ಬಿ ಆ ಜಾಗಕ್ಕೆ ಬಂದರೂ ಅದಕ್ಕೆ ಅಷ್ಟೇ ಸಾಕು. ಜಾಗದ ಅಭಾವದಲ್ಲಿ ಮನೆಯ ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನು ಇಟ್ಟು ಕೆಲಸ ಮಾಡಿದರೂ, ಕೆಳಗಿನದರ ಅಯಸ್ಕಾಂತ ಮೇಲಿನದನ್ನು ಮಲಗಿಸಬಹುದು.

ಪರೀಕ್ಷೆ ಸುಲಭ. ಕೈಗಡಿಯಾರ ಬಿಚ್ಚಿಡಿ, ಮೊಬೈಲ್ ದೂರವಿಡಿ, ಲ್ಯಾಪ್‌ಟಾಪನ್ನು ಒಂಟಿಯಾಗಿ ಮರದ ಮೇಜಿನ ಮೇಲಿಡಿ. ತೊಂದರೆ ನಿಂತರೆ ಕಾರಣ ಸಿಕ್ಕಿತು. ನಿಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬುದಕ್ಕೆ ‘ಡೂ ನಥಿಂಗ್’ ಕೊಟ್ಟು ಒಂದು ದಿನ ನೋಡಿ. ಆಗ ಮಲಗದಿದ್ದರೆ ಸೆನ್ಸರೇ ಕೆಟ್ಟಿದೆ. ಆ ದಿನ ಮಾತ್ರ ಲ್ಯಾಪ್‌ಟಾಪನ್ನು ಆಫ್ ಮಾಡದೆ ಬ್ಯಾಗಿಗೆ ಹಾಕಬೇಡಿ, ಒಳಗೇ ಓಡುತ್ತ ಬಿಸಿಯೇರುತ್ತದೆ.

ಬಿಸಿ ಇನ್ನೊಂದು ಕಾರಣ. ಮೇ, ಜೂನಿನಲ್ಲಿ ಇಲ್ಲಿ 45 ಡಿಗ್ರಿ ದಾಟುವ ದಿನಗಳು ಹೊಸದಲ್ಲ. ‘ಲೂ’ ಎಂಬ ಬಿಸಿಗಾಳಿಯ ಜೊತೆ ಬರುವ ಧೂಳು ಫ್ಯಾನಿನ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ಚಳಿಗಾಲದಲ್ಲಿ ರಜಾಯಿ ಹೊದ್ದು ಅದರ ಮೇಲೇ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಗಾಳಿ ಹೋಗುವ ಕಿಂಡಿಗಳು ಮುಚ್ಚುತ್ತವೆ. ಬಿಸಿ ಮಿತಿ ಮೀರಿದರೆ ಕಂಪ್ಯೂಟರ್ ತನ್ನನ್ನು ಉಳಿಸಿಕೊಳ್ಳಲು ಹೈಬರ್ನೇಟ್ ಆಗುತ್ತದೆ ಅಥವಾ ಆಫ್ ಆಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಗಟ್ಟಿ ಮೇಜು ಬೇಕು, ವರ್ಷಕ್ಕೊಮ್ಮೆ ಧೂಳು ತೆಗೆಸಬೇಕು. ನಿಜವಾಗಿ ಅಂಗಡಿಗೆ ಹೋಗಬೇಕಾದ ಸಂದರ್ಭ ಇದು.

ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಮುಂದೆ ಮನುಷ್ಯರಿದ್ದಾರೆಯೇ ಎಂದು ನೋಡುವ ಸೆನ್ಸರ್ ಕೂಡ ಇದೆ. ನೀವು ಪಕ್ಕಕ್ಕೆ ಸರಿದು ಪುಸ್ತಕ ನೋಡುತ್ತಿದ್ದರೆ ಎದ್ದುಹೋದಿರೆಂದು ತಿಳಿದು ತೆರೆ ಆರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಪ್ರೆಸೆನ್ಸ್ ಸೆನ್ಸಿಂಗ್’ ಎಂದು ಹುಡುಕಿ ಆಫ್ ಮಾಡಬಹುದು.

ಆ್ಯಪಲ್‌ನ ಮ್ಯಾಕ್ ಇರುವವರಿಗೆ ದಾರಿ ಚಿಕ್ಕದು. ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಲಾಕ್ ಸ್ಕ್ರೀನ್’ ಪುಟದಲ್ಲಿ ತೆರೆ ಆರುವ ಸಮಯಗಳಿವೆ, ಇಲ್ಲೂ ಬ್ಯಾಟರಿಗೊಂದು, ಚಾರ್ಜರಿಗೊಂದು. ಮ್ಯಾಕ್‌ಬುಕ್ಕಿನ ‘ಬ್ಯಾಟರಿ’ ಪುಟದ ‘ಆಪ್ಷನ್ಸ್’ ಒಳಗೆ, ಚಾರ್ಜರಿನಲ್ಲಿರುವಾಗ ತೆರೆ ಆರಿದರೂ ಮಲಗದಂತೆ ತಡೆಯುವ ಸ್ವಿಚ್ ಇದೆ. ಉಬುಂಟು ಬಳಸುವವರು ಸೆಟ್ಟಿಂಗ್ಸ್‌ನ ‘ಪವರ್’ ಪುಟದಲ್ಲಿ ‘ಆಟೊಮ್ಯಾಟಿಕ್ ಸಸ್ಪೆಂಡ್’ ನೋಡಿದರೆ ಆಯಿತು.

ಕಚೇರಿಯ ಕಂಪ್ಯೂಟರ್ ಆದರೆ

ಸಮಯ ಬದಲಿಸುವ ಪಟ್ಟಿ ಮಸುಕಾಗಿದ್ದು, ಮೇಲೆ ಈ ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ಆದೇಶ ನಿಮ್ಮ ಐಟಿ ವಿಭಾಗದ್ದು. ಕುರ್ಚಿ ಬಿಟ್ಟು ಏಳುವಾಗ ಕಂಪ್ಯೂಟರ್ ಲಾಕ್ ಆಗಿರಬೇಕೆಂಬುದು ಸರ್ಕಾರಿ ಕಚೇರಿಗಳ ಸೈಬರ್ ಸುರಕ್ಷತೆಯ ಮೂಲ ಪಾಠ, ಖಾಸಗಿ ಕಂಪನಿಗಳಲ್ಲೂ ಹಾಗೆಯೇ. ಇದನ್ನು ತಪ್ಪಿಸಲು ಮೌಸನ್ನು ತಾನಾಗಿ ಅಲುಗಾಡಿಸುವ ಸಣ್ಣ ಯಂತ್ರಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವನ್ನು ಕೊಳ್ಳಬೇಡಿ. ಕೀಬೋರ್ಡ್ ಚಟುವಟಿಕೆಯ ಸುಳ್ಳು ತೋರಿಕೆ ಸೃಷ್ಟಿಸಿದರೆಂದು ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಹತ್ತಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದದ್ದು 2024ರಲ್ಲಿ ಸುದ್ದಿಯಾಯಿತು. “ನನ್ನ ಕೆಲಸದಲ್ಲಿ ದೀರ್ಘ ಓದು ಇದೆ, ಮಿತಿಯನ್ನು ಹದಿನೈದು ನಿಮಿಷ ಮಾಡಿಕೊಡಿ” ಎಂದು ಐಟಿ ವಿಭಾಗಕ್ಕೆ ಬರೆಯುವುದು ನೇರ ದಾರಿ. ಕಾರಣ ಕೊಟ್ಟು ಕೇಳಿದರೆ ಒಪ್ಪುವವರು ಅನೇಕ.

‘ನೆವರ್’ ಯಾಕೆ ಬೇಡ

ಇಷ್ಟೆಲ್ಲ ಯಾಕೆ, ಸಮಯದ ಪಟ್ಟಿಯ ಕೊನೆಯಲ್ಲಿರುವ ‘ನೆವರ್’ ಆರಿಸಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಮೊದಲು ಖರ್ಚು ನೋಡಿ. ಮಾನಿಟರ್ ಸೇರಿ ಸುಮ್ಮನೆ ಉರಿಯುವ ಡೆಸ್ಕ್‌ಟಾಪ್ 60 ವ್ಯಾಟ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 14 ಗಂಟೆ ಯಾರೂ ಮುಟ್ಟದೆ ಉರಿದರೆ 0.84 ಯೂನಿಟ್, 30 ದಿನಕ್ಕೆ ಸುಮಾರು 25 ಯೂನಿಟ್. ಮಲಗಿದ ಕಂಪ್ಯೂಟರ್ ತೆಗೆದುಕೊಳ್ಳುವುದು ಒಂದೆರಡು ವ್ಯಾಟ್ ಮಾತ್ರ. 2019ರ ಆಗಸ್ಟಿನಿಂದ ದೆಹಲಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಮನೆಗಳ ಬಿಲ್ಲನ್ನು ಸಬ್ಸಿಡಿ ಸೊನ್ನೆ ಮಾಡುತ್ತದೆ, ಅದನ್ನು ದಾಟಿ 400ರವರೆಗೆ ಹೋದವರಿಗೆ ಸಿಗುವುದು ಅರ್ಧ ರಿಯಾಯಿತಿ. 190 ಯೂನಿಟ್ ಬಳಸುವ ಸಣ್ಣ ಸಂಸಾರವನ್ನು ಗಡಿ ದಾಟಿಸಲು ಈ 25 ಯೂನಿಟ್ ಧಾರಾಳ ಸಾಕು. ಯಮುನೆಯಾಚೆ ನೋಯ್ಡಾದಲ್ಲಿ ಆ ಸಬ್ಸಿಡಿ ಇಲ್ಲ, ಸೊಸೈಟಿಯ ಜನರೇಟರ್ ಕರೆಂಟಿಗೆ ದರವೂ ಹೆಚ್ಚು.

ಮನೆಯ ಲೆಕ್ಕದಾಚೆ ಊರಿನ ಲೆಕ್ಕವೂ ಇದೆ. 2024ರ ಜೂನ್ 19ರಂದು ದೆಹಲಿಯ ವಿದ್ಯುತ್ ಬೇಡಿಕೆ 8,656 ಮೆಗಾವ್ಯಾಟ್ ಮುಟ್ಟಿ ದಾಖಲೆ ಬರೆಯಿತು. ಅಂಥ ದಿನಗಳಲ್ಲಿ ಯಾರಿಗೂ ಬೇಡದೆ ಉರಿಯುವ ತೆರೆಗಳೂ ಆ ಹೊರೆಯಲ್ಲಿ ಸೇರಿರುತ್ತವೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2002ರ ಮಾರ್ಚ್ 1ರಂದು ಸ್ಥಾಪನೆಯಾದ, ಫ್ರಿಜ್ಜು, ಎಸಿಗಳ ಮೇಲಿನ ನಕ್ಷತ್ರಗಳ ಚೀಟಿಗೆ ಕಾರಣವಾದ ಇಂಧನ ದಕ್ಷತಾ ಬ್ಯೂರೋ ಇರುವುದು ಆರ್.ಕೆ.ಪುರಂನ ಸೇವಾ ಭವನದಲ್ಲಿ. ಐದು ನಕ್ಷತ್ರದ ಎಸಿಯನ್ನು ಹುಡುಕಿ ತರುವ ನಾವು ಅದರ ಪಕ್ಕದಲ್ಲೇ ಕಂಪ್ಯೂಟರನ್ನು ಹಗಲೂ ರಾತ್ರಿ ಉರಿಸಿದರೆ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಚಾರ್ಜರಿನಲ್ಲಿರುವಾಗ ತೆರೆಗೆ 10 ನಿಮಿಷ, ಸ್ಲೀಪಿಗೆ 30 ನಿಮಿಷ. ಬ್ಯಾಟರಿಯಲ್ಲಿರುವಾಗ ತೆರೆಗೆ 5, ಸ್ಲೀಪಿಗೆ 15. ತೆರೆಯ ಮುಂದೆ ದೀರ್ಘ ಓದು ಇರುವವರು ತೆರೆಯ ಸಮಯವನ್ನೂ 15 ಅಥವಾ 20 ಮಾಡಿಕೊಳ್ಳಬಹುದು. ಏಳುವಾಗ ವಿಂಡೋಸ್ ಕೀಲಿಯೊಂದಿಗೆ ‘ಎಲ್’ ಒತ್ತಿ ಲಾಕ್ ಮಾಡುವ ಅಭ್ಯಾಸವಿದ್ದರೆ ಸಮಯ ಉದ್ದವಾದರೂ ಭಯವಿಲ್ಲ.

ಸಭೆಯಲ್ಲಿ ಪಿಡಿಎಫ್ ತೆರೆದಿಟ್ಟು ಉಪನ್ಯಾಸ ಕೊಡುವಂಥ, ಇಡೀ ರಾತ್ರಿ ಕಡತ ನಕಲು ಮಾಡುವಂಥ ವಿಶೇಷ ಹೊತ್ತಿಗೆ ವಿಶೇಷ ಉಪಾಯವಿದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ಪವರ್‌ಟಾಯ್ಸ್’ ತಂತ್ರಾಂಶದಲ್ಲಿ ‘ಅವೇಕ್’ ಎಂಬ ಭಾಗವಿದೆ. ಎರಡು ಗಂಟೆ ಎಚ್ಚರವಿರು ಎಂದರೆ ಎರಡು ಗಂಟೆ ಮಾತ್ರ ಎಚ್ಚರವಿದ್ದು ಆಮೇಲೆ ಹಳೆಯ ಸಮಯಕ್ಕೆ ಮರಳುತ್ತದೆ. ಮ್ಯಾಕ್‌ನ ಟರ್ಮಿನಲ್ಲಿನಲ್ಲಿ ‘ಕೆಫಿನೇಟ್’ ಎಂಬ ಕಮಾಂಡಿಗೆ 7200 ಸೆಕೆಂಡ್ ಕೊಟ್ಟರೆ ಅದೇ ಕೆಲಸವಾಗುತ್ತದೆ. ಹೀಗೆ ಮಾಡಿದರೆ ಒಂದು ಸಂಜೆಗಾಗಿ ವರ್ಷವಿಡೀ ‘ನೆವರ್’ ಇಟ್ಟುಕೊಳ್ಳುವ ಅಗತ್ಯ ಬೀಳುವುದಿಲ್ಲ.

ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು, ದೆಹಲಿಯಲ್ಲೇ ನಿವೃತ್ತರಾಗಿ ಉಳಿದ ನಮ್ಮ ಹಿರಿಯರು ಅನೇಕರಿದ್ದಾರೆ. ಪಿಂಚಣಿ, ಬ್ಯಾಂಕು, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಎಲ್ಲಕ್ಕೂ ಅವರಿಗೆ ಈಗ ಕಂಪ್ಯೂಟರ್ ಬೇಕು. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಅವರಿಗೆ ಮೂರು ನಿಮಿಷದ ಮಿತಿ ನಿಜವಾದ ಅಡ್ಡಿ. ಫಾರಂ ತುಂಬುವ ನಡುವೆ ತೆರೆ ಕಪ್ಪಾದರೆ ತಾವೇ ಏನೋ ಕೆಡಿಸಿದೆವೆಂದು ಗಾಬರಿಯಾಗುತ್ತಾರೆ, ಆಮೇಲೆ ಕಂಪ್ಯೂಟರ್ ಮುಟ್ಟುವುದನ್ನೇ ಬಿಡುತ್ತಾರೆ. ಈ ಬರಹ ಓದಿದವರು ತಮ್ಮ ಬಡಾವಣೆಯ ಅಂಥ ಒಬ್ಬರ ಮನೆಗೆ ಹೋಗಿ ಎರಡೂ ಗಡಿಯಾರಗಳನ್ನು ಸರಿಮಾಡಿ ಕೊಡಲಿ. ಹಾಗೆಯೇ ಆ ಪುಟ ಎಲ್ಲಿದೆ, ಅದರಲ್ಲಿ ಏನು ಬರೆದಿದೆ ಎಂದು ಅವರ ಕೈಯಿಂದಲೇ ಒಮ್ಮೆ ಮಾಡಿಸಲಿ. ಮುಂದಿನ ಅಪ್‌ಡೇಟ್ ಬಂದು ಸಮಯ ಮತ್ತೆ ಕುಗ್ಗಿದರೆ ಯಾರನ್ನೂ ಕಾಯದೆ ತಾವೇ ಸರಿಮಾಡಿಕೊಳ್ಳುತ್ತಾರೆ.